ಓಟದ ಆಟ, ಮರೆಯ ಆಟ

ಅಪೇಕ್ಷಾ ಸೊಂಟಕ್ಕೆ ಬೆಲ್ಟು ಬಿಗಿದುಕೊಳ್ಳುತ್ತಾ ಅಮ್ಮನ ಕಡೆ ನೋಡಿದಳು.

"ಇವತ್ತು ನಿನ್ನನ್ನು ಎಂತ ಅಂತ ಕರೀಬೇಕು? ಅಮ್ಮ ಅಂತಲಾ, ಮೇಡಂ ಅಂತಲಾ?"

"ಗೇಟಿನಿಂದ ಒಳಗೆ ಮೇಡಂ. ಕಾರು ಹತ್ತಿದ ಮೇಲೆ ಅಮ್ಮ," ಎಂದಳು ಆಶಾಲತಾ.

"ಮನೆಗೆ ಹೋದ ಮೇಲೆ?"

"ಮನೆಗೆ ಹೋದ ಮೇಲೆ ಪಾತ್ರೆ ತೊಳೆಯುವ ಸರದಿ ನಿಂದು."

ಪಕ್ಕದಲ್ಲಿ ನಿಂತಿದ್ದ ಫಸೀಲಾ ನಕ್ಕಳು. ಆದರೆ ನಗು ತುಟಿಯಿಂದ ಮೇಲಕ್ಕೆ ಹತ್ತಲಿಲ್ಲ. ಅಪೇಕ್ಷಾ ಅದನ್ನು ಗಮನಿಸಿ, ಗಾಳಿಗೆ ಸಡಿಲವಾಗಿದ್ದ ಗೆಳತಿಯ ತಲೆವಸ್ತ್ರದ ಪಿನ್ನು ತೆಗೆದು ಸರಿಯಾಗಿ ಚುಚ್ಚಿದಳು. ಇನ್ನು ಸ್ವಲ್ಪ ಹೊತ್ತಿನಲ್ಲಿ ಒಬ್ಬರನ್ನೊಬ್ಬರು ಸೋಲಿಸಬೇಕಾದ ಇಬ್ಬರು ಹುಡುಗಿಯರು ಹೀಗೆ ನಿಂತದ್ದನ್ನು ಆಶಾಲತಾ ನೋಡಿದಳು.

ಬಹರೈನಿನ ಅವಾಲಿಯಿಂದ ದಕ್ಷಿಣಕ್ಕೆ, ಎಣ್ಣೆ ಕೊಳವೆಗಳ ಸಾಲು ದಾಟಿ ಬರೀ ಮರಳು ಶುರುವಾಗುವಲ್ಲಿ ಆ ಪಿಸ್ತೂಲು ಕ್ಲಬ್ಬಿನ ಅಂಗಳವಿತ್ತು. ಮೂರು ಕಡೆ ಎತ್ತರದ ಮಣ್ಣಿನ ದಿಬ್ಬ, ಹಿಂದೆ ಬಲಕ್ಕೆ ಜನ ಕೂರುವ ತಗಡಿನ ಚಪ್ಪರ, ಅದರಾಚೆ ಕಬ್ಬಿಣದ ಬಾಗಿಲಿನ ಒಂದು ಕೋಣೆ. ಪಿಸ್ತೂಲುಗಳೆಲ್ಲ ಕ್ಲಬ್ಬಿನವು; ಆ ಕೋಣೆಯಿಂದ ಕಾವಲುಗಾರನ ಕಣ್ಣೆದುರೇ ಹೊರಬಂದು, ಅವನ ಕಣ್ಣೆದುರೇ ಒಳಹೋಗಬೇಕು. ಶೂಟರ್ ನಿಲ್ಲುವ ಜಾಗದ ಎಡಕ್ಕೂ ಬಲಕ್ಕೂ ಒಂದೊಂದು ಕೆಂಪು ಬಾವುಟ ನೆಟ್ಟಿತ್ತು. ಒಂದು ಬಾವುಟದಿಂದ ಇನ್ನೊಂದಕ್ಕೆ ಕಾಣದ ಗೆರೆ. ಪಿಸ್ತೂಲಿನ ಬಾಯಿ ಆ ಗೆರೆಯಿಂದ ಹಿಂದಕ್ಕೆ, ಕಣ್ಣು ಮಿಟುಕಿಸುವಷ್ಟು ಹೊತ್ತು ತಿರುಗಿದರೂ ಆ ದಿನದ ಆಟ ಮುಗಿಯಿತು. ಎಷ್ಟು ಚೆನ್ನಾಗಿ ಹೊಡೆದಿದ್ದರೂ ಅಷ್ಟೇ.

ಆ ಗೆರೆ ಕಾಯುವ ಕೆಲಸ ಆಶಾಲತಾಳದು. ಮಂಗಳೂರಿನ ಕಾಲೇಜಿನಲ್ಲಿ ಎನ್‌ಸಿಸಿಯ ಹುಡುಗಿಯಾಗಿ ಮರಳುಚೀಲದ ಮೇಲೆ ರೈಫಲ್ ಇಟ್ಟು ಮಲಗಿ ಗುರಿ ಹಿಡಿದವಳು ಅವಳು. ಮದುವೆಯಾಗಿ ಗಂಡ ಮೋಹನದಾಸರ ಜೊತೆ ಬಹರೈನಿಗೆ ಬಂದ ಮೇಲೆ ಬಂದೂಕು ಮರೆತೇಹೋಗಿತ್ತು. ಮಗಳು ಈ ಕ್ಲಬ್ಬಿಗೆ ಸೇರುತ್ತೇನೆಂದು ಹಟ ಹಿಡಿದಾಗ, ಒಬ್ಬಳನ್ನೇ ಕಳಿಸುವುದು ಹೇಗೆಂದು ತಾನೂ ಬಂದಳು. ಗುರಿಗಿಂತ ಅವಳ ಗಮನ ದೊಡ್ಡದು ಎನ್ನುವುದನ್ನು ಮೊದಲು ಕಂಡುಕೊಂಡವರು ತರಬೇತುದಾರ ಮುಂಡಪ್ಪನವರು. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದ ಕೊಡಗಿನವರು. "ನೀವು ಅಡುಗೆಮನೆಯಲ್ಲಿ ಮೂರು ಒಲೆ ಒಟ್ಟಿಗೆ ನೋಡಿಕೊಳ್ಳೋರು. ಒಂದು ಪಿಸ್ತೂಲು ಯಾವ ಲೆಕ್ಕ," ಎಂದು ಅವಳ ಕೈಗೆ ಸಮಯ ಅಳೆಯುವ ಯಂತ್ರ ಕೊಟ್ಟಿದ್ದರು.

ಆ ಶುಕ್ರವಾರದ ಸ್ಪರ್ಧೆ ಬಹುಮಾನಕ್ಕಾಗಿ ಅಲ್ಲ. ಬ್ಯಾಂಕು, ಆಸ್ಪತ್ರೆಗಳಲ್ಲಿ ಕಾವಲಿಗೆ ನಿಲ್ಲುವ ಹೆಂಗಸರಿಗೆ ಪಾಠ ಹೇಳಲು ಕ್ಲಬ್ಬಿಗೆ ಒಬ್ಬ ಹೆಣ್ಣು ಶಿಕ್ಷಕಿ ಬೇಕಿತ್ತು. ಸಂಬಳದ ಜೊತೆಗೆ ವೀಸಾ ಕೂಡ ಕ್ಲಬ್ಬೇ ಮಾಡಿಸುತ್ತದೆ. ಅಪೇಕ್ಷಾಳಿಗೆ ಆ ಕೆಲಸದ ಆಸೆಯಿತ್ತು. ಟೈಪಿಂಗ್ ಕೆಲಸ ಅವಳಿಗೆ ಸಾಕಾಗಿಹೋಗಿತ್ತು. ಫಸೀಲಾಳಿಗೆ ಆಸೆಗಿಂತ ಹೆಚ್ಚಿನದಿತ್ತು. ಅವಳ ತಂದೆ ಮಸೂದ್, ಟುಬ್ಲಿಯ ಒಂದು ವರ್ಕ್‌ಶಾಪಿನ ಡ್ರೈವರ್, ವಯಸ್ಸಾಯಿತೆಂದು ಈ ತಿಂಗಳ ಕೊನೆಗೆ ಕೆಲಸ ಬಿಟ್ಟು ಊರಿಗೆ ಹೊರಡುವವರು. ಮಗಳಿದ್ದದ್ದು ಅಪ್ಪನ ವೀಸಾದಲ್ಲಿ. ಸ್ವಂತ ಕೆಲಸ ಸಿಕ್ಕಿದರೆ ಅವಳು ಹಮದ್ ಟೌನಿನಲ್ಲೇ ಚಿಕ್ಕಮ್ಮನ ಮನೆಯಲ್ಲಿ ಉಳಿಯಬಹುದು. ಇಲ್ಲದಿದ್ದರೆ, ಬೇಸಿಗೆ ರಜೆಯಲ್ಲಿ ಮಾತ್ರ ಕಂಡ ಊರಿಗೆ ಅವಳೂ ಹೊರಡಬೇಕು.

ಮುಂಡಪ್ಪನವರು ನಿಯಮವನ್ನು ಬಿಡಿಸಿ ಹೇಳಿದ್ದರು. "ಎರಡು ಆಟವನ್ನೂ ಆಡಬೇಕು. ಎರಡರಲ್ಲೂ ತಪ್ಪಿಲ್ಲದೆ ಮುಗಿಸಿದವರಲ್ಲಿ ಮುಂದಿರುವವಳಿಗೆ ಕೆಲಸ. ಇಬ್ಬರೂ ಹೊರಗಾದರೆ ಮುಂದಿನ ತಿಂಗಳು ಮತ್ತೆ ಪರೀಕ್ಷೆ."

ಮುಂದಿನ ತಿಂಗಳು ಅಪೇಕ್ಷಾ ಇಲ್ಲೇ ಇರುತ್ತಾಳೆ. ಫಸೀಲಾ ಇರುವುದಿಲ್ಲ.

ಎರಡು ಆಟಗಳೆಂದರೆ ಕ್ಲಬ್ಬಿನ ಎರಡು ಬಣಗಳು. ಹಳಬರದು ಓಟದ ಆಟ. ಪಿಸ್ತೂಲು ಸೊಂಟದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇರುತ್ತದೆ; ಪಿಸ್ತೂಲಿನ ಹಿಡಿಯೊಳಗೆ ತೂರಿಸುವ, ಗುಂಡು ತುಂಬಿದ ಮ್ಯಾಗಜೀನುಗಳು ಬೆಲ್ಟಿನ ಸುತ್ತ ಸಾಲಾಗಿ. ಯಂತ್ರ ಬೀಪ್ ಎಂದ ತಕ್ಷಣ ಓಡಬೇಕು, ಓಡುತ್ತಲೇ ಹೊಡೆಯಬೇಕು, ಯಾವ ಗುರಿ ಮೊದಲು ಯಾವುದು ಆಮೇಲೆ ಎನ್ನುವುದು ನಮ್ಮಿಷ್ಟ. ಸಿಕ್ಕ ಅಂಕವನ್ನು ತಗುಲಿದ ಸಮಯದಿಂದ ಭಾಗಿಸಿದರೆ ಬರುವುದು ಫಲಿತಾಂಶ. ಎರಡು ವರ್ಷದ ಕೆಳಗೆ ಹೊರದೇಶದಿಂದ ಬಂದ ಕೆಲವರು ಹೊಸದೊಂದನ್ನು ತಂದರು. ಅದು ಮರೆಯ ಆಟ. ಅದರಲ್ಲಿ ಪಿಸ್ತೂಲು ಕೋಟಿನ ಒಳಗೆ. ಗೋಡೆಯ ಮರೆಯಲ್ಲೇ ನಿಂತು, ಮೈಯ ಹೆಚ್ಚಿನ ಭಾಗ ಹೊರಗೆ ಕಾಣದಂತೆ, ಹತ್ತಿರದ ಗುರಿಯಿಂದ ಕ್ರಮವಾಗಿ ಹೊಡೆಯಬೇಕು. ಗುಂಡು ಇನ್ನೂ ಉಳಿದಿರುವ ಮ್ಯಾಗಜೀನನ್ನು ನೆಲಕ್ಕೆ ಬಿಟ್ಟರೆ ದಂಡ; ಅದನ್ನು ಜೇಬಿಗೆ ಹಾಕಿಯೇ ಬೇರೆಯದನ್ನು ತುಂಬಬೇಕು. ಗುರಿಯ ನಡುವಿನಿಂದ ಗುಂಡು ದೂರ ಹೋದಷ್ಟೂ ಸಮಯ ಕೂಡುತ್ತಾ ಹೋಗುತ್ತದೆ.

ಹಳಬರು ಮರೆಯ ಆಟವನ್ನು ಹೇಡಿಗಳ ಆಟ ಎನ್ನುತ್ತಿದ್ದರು. ಹೊಸಬರು ಓಟದ ಆಟವನ್ನು ಸರ್ಕಸ್ ಎನ್ನುತ್ತಿದ್ದರು. ಆಶಾಲತಾ ಮಾತ್ರ ಹುಡುಗಿಯರಿಗೆ ಬೇರೆ ರೀತಿ ಹೇಳಿದ್ದಳು. "ಓಟದ್ದು ಈಗಿನ ಮದುವೆಯ ಬಫೆ ಊಟ. ತಟ್ಟೆ ಹಿಡ್ಕೊಂಡು ಬೇಕಾದಲ್ಲಿಗೆ ಹೋಗು, ಬೇಕಾದ್ದು ಹಾಕ್ಕೋ, ಬೇಡದ್ದು ಬಿಡು. ಮರೆಯದ್ದು ಹಂತಿಯಲ್ಲಿ ಸಾಲಾಗಿ ಕೂತು ಉಣ್ಣುವ ಊಟ. ಬಡಿಸಿದ ಕ್ರಮದಲ್ಲೇ ಉಣ್ಬೇಕು, ಎಲೆಯಲ್ಲಿ ಬಿಟ್ಟು ಏಳುವ ಹಾಗಿಲ್ಲ."

"ಪಾಯಸ ಎಲ್ಲಿ ಬರ್ತದೆ ಆಂಟಿ?" ಎಂದು ಕೇಳಿದ್ದಳು ಫಸೀಲಾ.

"ಎರಡರಲ್ಲೂ ಕೊನೆಗೇ. ಪಿಸ್ತೂಲು ಖಾಲಿ ಮಾಡಿ ತೋರಿಸಿದ ಮೇಲೆ."

ಮೊದಲು ಓಟದ ಆಟ. ಅಪೇಕ್ಷಾ ಅದಕ್ಕೆಂದೇ ಹುಟ್ಟಿದವಳು. ಬೀಪ್ ಕೇಳಿದ್ದೇ ತಡ, ಬಿಟ್ಟ ಬಾಣದಂತೆ ಹೋದಳು. ಖಾಲಿಯಾದ ಮ್ಯಾಗಜೀನು ಮರಳಿಗೆ ಬಿದ್ದು ಹಿಂದೆ ಉಳಿಯಿತು, ಅದು ಬೀಳುವ ಹೊತ್ತಿಗೆ ಅವಳು ಆಗಲೇ ಮುಂದಿನ ಪೀಪಾಯಿಯ ಪಕ್ಕದಲ್ಲಿದ್ದಳು. ಯಂತ್ರ ಹಿಡಿದ ಅಮ್ಮನಿಗೆ ಅವಳ ಹಿಂದೆ ಓಡುವುದೇ ಕಷ್ಟವಾಯಿತು. ಫಸೀಲಾ ಉದ್ದದ ಕೋಟು ಬಿಚ್ಚಿ, ಮೊಣಕಾಲಿನ ತನಕ ಬರುವ ಕಮೀಜಿನ ಮೇಲೆ ಬೆಲ್ಟು ಕಟ್ಟಿ ಓಡಿದಳು. ಗುರಿ ಒಂದೂ ತಪ್ಪಲಿಲ್ಲ, ಆದರೆ ಕಾಲು ನಿಧಾನ.

"ನಿಂದು ಓಟ ಅಲ್ಲ ತಾಯಿ, ಮದುವೆ ಮನೆಗೆ ಹೊರಟ ನಡಿಗೆ," ಎಂದರು ಮುಂಡಪ್ಪನವರು.

"ಮರೆಯ ಆಟದಲ್ಲಿ ನೋಡಿ ಸರ್," ಎಂದಳು ಫಸೀಲಾ.

ಅದು ಬರೀ ಮಾತಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಕೋಟಿನ ಒಳಗಿನಿಂದ ಪಿಸ್ತೂಲು ತೆಗೆಯುವುದರಲ್ಲಿ ಅವಳನ್ನು ಮೀರಿಸುವವರು ಕ್ಲಬ್ಬಿನಲ್ಲಿ ಇರಲಿಲ್ಲ. ದೊಡ್ಡವಳಾದಾಗಿನಿಂದ ಸಡಿಲ ಮೇಲಂಗಿ ಹಾಕಿ ಓಡಾಡಿದವಳು. ಅದರ ಅಂಚು ಗಾಳಿಗೆ ಹೇಗೆ ಹಾರುತ್ತದೆ, ಬಸ್ಸು ಹತ್ತುವಾಗ ಎಲ್ಲಿ ಹಿಡಿಯಬೇಕು, ಎಲ್ಲ ಕೈಗೆ ಗೊತ್ತು. ಮೇಲಾಗಿ ಕೋಟಿನ ಅಂಚಿನ ಒಳಗೆ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ದಾರಕ್ಕೆ ಪೋಣಿಸಿ ಹೊಲಿದುಕೊಂಡಿದ್ದಳು. ಕೈಯಿಂದ ಒಮ್ಮೆ ತಳ್ಳಿದರೆ ಆ ಭಾರಕ್ಕೆ ಅಂಚು ಹಿಂದೆ ಹೋಗಿ, ಪಿಸ್ತೂಲಿಗೆ ದಾರಿ ಬಿಡುತ್ತಿತ್ತು.

ಮರೆಯ ಆಟಕ್ಕೆ ಹಲಗೆಯ ಗೋಡೆ ನಿಲ್ಲಿಸಿದರು. ಮೊದಲು ಅಪೇಕ್ಷಾ, ಅವಳೂ ಕೋಟು ತೊಟ್ಟು ನಿಂತಳು. ಗುರಿಗಳ ಜಾಗ ಮುಂದಿನವರಿಗೆ ಗೊತ್ತಾಗಬಾರದೆಂದು ಫಸೀಲಾಳನ್ನು ಕಬ್ಬಿಣದ ಬಾಗಿಲಿನ ಕೋಣೆಯ ಹಿಂದೆ ಕೂರಿಸಿದ್ದರು. ಚಪ್ಪರದಲ್ಲಿ ಮಸೂದ್ ಒಬ್ಬರೇ, ಫ್ಲಾಸ್ಕಿನಿಂದ ಕಾಗದದ ಲೋಟಗಳಿಗೆ ಚಹಾ ಬಗ್ಗಿಸುತ್ತಿದ್ದರು. ಮುಂಡಪ್ಪನವರು ಅಂಗಳದ ಎಡತುದಿಯಲ್ಲಿ ಗುರಿಗಳ ಕಡೆ ಮುಖ ಮಾಡಿ ನಿಂತಿದ್ದರು. ಆಶಾಲತಾ ಮಗಳ ಬೆನ್ನ ಹಿಂದೆ, ಸ್ವಲ್ಪ ಎಡಕ್ಕೆ.

ಬೀಪ್. ಗೋಡೆಯ ಬಲ ಅಂಚಿನಿಂದ ಅಪೇಕ್ಷಾ ಹೊಡೆಯತೊಡಗಿದಳು. ಅವಸರವಿದ್ದರೂ ಕ್ರಮ ತಪ್ಪಲಿಲ್ಲ. ಮ್ಯಾಗಜೀನು ಖಾಲಿಯಾಯಿತು, ಖಾಲಿಯಾದದ್ದನ್ನು ಬಿಡಬಹುದು, ಬಿಟ್ಟಳು. ಹೊಸದು ಒಳಗೆ ಸೇರಿತು. ಇನ್ನು ಎಡ ಅಂಚಿಗೆ ಸರಿಯಬೇಕು. ಒಂದು ಹೆಜ್ಜೆ ಹಿಂದಿಟ್ಟಳು.

ಓಟದ ಆಟದಲ್ಲಿ ಬಿದ್ದದ್ದು ಹಿಂದೆ ಉಳಿಯುತ್ತದೆ. ಮರೆಯ ಆಟದಲ್ಲಿ ಬಿದ್ದದ್ದು ಕಾಲಡಿಯಲ್ಲೇ ಇರುತ್ತದೆ. ಅಪೇಕ್ಷಾಳ ಬಲ ಹಿಮ್ಮಡಿ ಆ ಮ್ಯಾಗಜೀನಿಗೆ ತಾಗಿತು.

ಪುಸ್ತಕಕ್ಕೆ ಕಾಲು ತಾಗಿದರೆ, ಹಾರ್ಮೋನಿಯಂಗೆ ತಾಗಿದರೆ, ಹೊಲಿಗೆ ಯಂತ್ರಕ್ಕೆ ತಾಗಿದರೆ ಅವಳು ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಬಲಕ್ಕೆ ತಿರುಗಿ ಬಗ್ಗಿ, ಎಡಗೈಯನ್ನು ಮ್ಯಾಗಜೀನಿಗೆ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ಮೈ ವಾಲಬಾರದೆಂದು ಪಿಸ್ತೂಲು ಹಿಡಿದ ಬಲಗೈ ತಾನಾಗಿ ಹಿಂದಕ್ಕೆ ಚಾಚಿತು. ಗುಂಡು ತುಂಬಿದ ಪಿಸ್ತೂಲಿನ ಬಾಯಿ ಬಲಗಡೆಯ ಬಾವುಟವನ್ನು ದಾಟಿತು. ಅದರ ನೇರದಲ್ಲಿ ಚಪ್ಪರ, ಚಪ್ಪರದಲ್ಲಿ ಮಸೂದರ ಬಿಳಿ ಟೊಪ್ಪಿ, ಬಗ್ಗಿಸುತ್ತಿದ್ದ ಫ್ಲಾಸ್ಕು.

"ಸ್ಟಾಪ್."

ತನ್ನ ಧ್ವನಿ ಅಷ್ಟು ಗಟ್ಟಿಯಾಗಿ ಬಂದದ್ದು ಆಶಾಲತಾಳಿಗೆ ಗೊತ್ತಾದದ್ದು ಬಂದ ಮೇಲೆ. ಅಷ್ಟರಲ್ಲಿ ಅಪೇಕ್ಷಾ ನೆಟ್ಟಗಾಗಿದ್ದಳು, ಪಿಸ್ತೂಲು ಮತ್ತೆ ಗುರಿಯ ಕಡೆಗಿತ್ತು. ಕಲಿಸಿದ ಹಾಗೆ ಕಲ್ಲಾಗಿ ನಿಂತಳು.

"ಎಂತ ಆಯ್ತು?"

"ಖಾಲಿ ಮಾಡಿ ತೋರಿಸು."

ಅಪೇಕ್ಷಾ ಮ್ಯಾಗಜೀನು ತೆಗೆದಳು, ಒಳಗಿದ್ದ ಗುಂಡನ್ನು ಹೊರಗೆ ಬೀಳಿಸಿದಳು, ಖಾಲಿ ಗೂಡನ್ನು ತೋರಿಸಿದಳು. ಪಿಸ್ತೂಲು ಒರೆಗೆ ಸೇರುವ ತನಕ ಆಶಾಲತಾ ಅದರ ಮೇಲಿನ ಕಣ್ಣು ತೆಗೆಯಲಿಲ್ಲ.

"ಪಿಸ್ತೂಲು ಗೆರೆ ದಾಟಿತು ಮಗಾ."

"ಇಲ್ಲ. ಯಾವಾಗ?"

"ಬಗ್ಗಿದಾಗ."

"ನಾನು ಬಗ್ಗಿದ್ನಾ?" ಅಪೇಕ್ಷಾ ಕಾಲಡಿ ನೋಡಿದಳು. ಮ್ಯಾಗಜೀನಿನ ಮೇಲಿನ ಮರಳಿನಲ್ಲಿ ಬೆರಳಿನ ಗುರುತಿತ್ತು. ಅವಳ ರೆಪ್ಪೆಗೂ ಅದೇ ಮರಳು ಅಂಟಿತ್ತು.

ಮುಂಡಪ್ಪನವರು ಹತ್ತಿರ ಬಂದರು. ಒಮ್ಮೆ ತಾಯಿಯನ್ನು, ಒಮ್ಮೆ ಮಗಳನ್ನು ನೋಡಿದರು.

"ನಾನು ಗುರಿ ನೋಡ್ತಾ ಇದ್ದೆ. ಗೋಡೆ ಬೇರೆ ಅಡ್ಡ. ನನಗೆ ಏನೂ ಕಾಣಲಿಲ್ಲ," ಎಂದರು. ಆಮೇಲೆ ದನಿ ತಗ್ಗಿಸಿ, "ಆಶಾಲತಾ, ನಿಧಾನಕ್ಕೆ ನೆನಪು ಮಾಡಿ ಹೇಳಿ. ದಾಟಿತಾ, ಇಲ್ಲ ಗೆರೆ ಮೇಲೇ ಇತ್ತಾ? ಗೆರೆ ಮೇಲಿದ್ರೆ ಎಚ್ಚರಿಕೆ ಕೊಟ್ಟು ಮತ್ತೆ ಆಡಿಸಬಹುದು."

ಅವರು ಬಾಗಿಲೊಂದನ್ನು ತೆರೆದು ಹಿಡಿದಿದ್ದರು. ಸೈನ್ಯದಲ್ಲಿ ಜೀವಮಾನ ಕಳೆದ ಮನುಷ್ಯ ಅಷ್ಟು ಮೆತ್ತಗೆ ಮಾತಾಡುವುದನ್ನು ಆಶಾಲತಾ ಯಾವತ್ತೂ ಕೇಳಿರಲಿಲ್ಲ. ಒಂದು ಮಾತು ಸಾಕಿತ್ತು. ನೋಡಿದವಳು ತಾನೊಬ್ಬಳೇ. ಮಗಳು ಅವಳ ಮುಖವನ್ನೇ ನೋಡುತ್ತಿದ್ದಳು, ಜ್ವರ ಬಂದಾಗ ನೋಡುತ್ತಿದ್ದ ಹಾಗೆ.

ಆಶಾಲತಾ ಚಪ್ಪರದ ಕಡೆ ನೋಡಿದಳು. ಮಸೂದ್ ಏನೂ ತಿಳಿಯದೆ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದರು.

"ದಾಟಿತು," ಎಂದಳು.

ಮುಂಡಪ್ಪನವರು ತಲೆಯಾಡಿಸಿದರು. ಅಪೇಕ್ಷಾ ಬೆಲ್ಟು ಬಿಚ್ಚಿ, ಪಿಸ್ತೂಲನ್ನು ಕಾವಲುಗಾರನ ಮುಂದಿಟ್ಟು, ಚಪ್ಪರಕ್ಕೆ ಹೋಗಿ ತುದಿಯ ಕುರ್ಚಿಯಲ್ಲಿ ಕೂತಳು. ಮಸೂದ್ ಮೊದಲ ಲೋಟವನ್ನು ಅವಳ ಹತ್ತಿರವೇ ತಂದರು. ಅವಳು ಬೇಡವೆಂದಳು. ಅವರು ಒತ್ತಾಯ ಮಾಡಲಿಲ್ಲ. ಲೋಟವನ್ನು ಪಕ್ಕದ ಕುರ್ಚಿಯ ಮೇಲಿಟ್ಟು, ಗಾಳಿಗೆ ಮರಳು ಬೀಳದ ಹಾಗೆ ಮೇಲೊಂದು ಖಾಲಿ ಲೋಟ ಮುಚ್ಚಿ ಹೋದರು.

ಈಗ ಫಸೀಲಾಳ ಸರದಿ. ಏನೋ ಕೆಟ್ಟದ್ದಾಗಿದೆ ಎನ್ನುವುದು ಅವಳಿಗೆ ಚಪ್ಪರ ದಾಟಿ ಬರುವಾಗಲೇ ತಿಳಿಯಿತು. ಅಪೇಕ್ಷಾ ತಲೆಯೆತ್ತಲಿಲ್ಲ.

"ಅವಳು ಹೊರಗಾ?" ಎಂದು ಪಿಸುಗುಟ್ಟಿದಳು.

"ನಿನ್ನ ಆಟ ನೀನು ನೋಡು," ಎಂದಳು ಆಶಾಲತಾ.

ಫಸೀಲಾ ಗೋಡೆಯ ಹಿಂದೆ ನಿಂತಳು. ಬೆರಳುಗಳು ಕೋಟಿನ ಅಂಚನ್ನು ಹಿಂಡುತ್ತಲೇ ಇದ್ದವು. ಕೋಣೆಯ ಹಿಂದೆ ಕೂತಾಗಲೂ ಹೀಗೇ ಹಿಂಡಿರಬೇಕು. ಒಂದು ಕಡೆ ಹೊಲಿಗೆ ಬಿಟ್ಟು, ಸೀಸದ ಗುಂಡು ಪೋಣಿಸಿದ ದಾರ ಕುಣಿಕೆಯಂತೆ ಜೋತಾಡುತ್ತಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ, ಆಶಾಲತಾಳ ಕಣ್ಣಿಗೂ ಇನ್ನೂ ಬಿದ್ದಿರಲಿಲ್ಲ.

"ಲೋಡ್ ಮಾಡು," ಎಂದಳು ಆಶಾಲತಾ.

ಮ್ಯಾಗಜೀನು ಸೇರಿತು. ಗುಂಡು ಒಳಗೆ ಹತ್ತಿತು. ಇನ್ನು ಪಿಸ್ತೂಲನ್ನು ಒರೆಗಿಳಿಸಿ, ಕೋಟು ಮುಚ್ಚಿ, ಕೈ ಕೆಳಗೆ ಬಿಟ್ಟು ನಿಲ್ಲಬೇಕು. ಫಸೀಲಾಳ ಕಣ್ಣು ಮುಂದೆ, ಗೋಡೆಯ ಅಂಚಿನಲ್ಲಿತ್ತು. ಪಿಸ್ತೂಲಿನ ಬಾಯಿ ಒರೆಯನ್ನು ಹುಡುಕಿತು. ಆಗಲೇ ಕೋಟಿನ ಅಂಚು ಗಾಳಿಗೆ ಒಳಕ್ಕೆ ಮಗುಚಿ, ಆ ದಾರದ ಕುಣಿಕೆ ಒರೆಯ ಬಾಯಿಗೆ ಅಡ್ಡ ಬಿತ್ತು. ಪಿಸ್ತೂಲು ಅದರ ಮೇಲೆಯೇ ಇಳಿಯತೊಡಗಿತು. ಕ್ಲಬ್ಬಿನ ಆ ಪಿಸ್ತೂಲುಗಳಿಗೆ ಟ್ರಿಗರನ್ನು ತಡೆಯುವ ಬೇರೆ ಕೀಲಿ ಇಲ್ಲ. ಟ್ರಿಗರಿಗೆ ಬೆರಳು ತಾಗಿದರೂ ದಾರ ತಾಗಿದರೂ ಅದಕ್ಕೆ ಒಂದೇ. ಹೊರಟ ಗುಂಡು ತೊಡೆಯ ಮೂಲಕವೇ ಹೋಗಬೇಕು. ದೇವರ ದಯೆಯಿಂದ ಮರಳಿಗೆ ಹೋದರೂ ಅವಳು ಹೊರಗೆ.

ಇಬ್ಬರೂ ಹೊರಗಾದರೆ ಮುಂದಿನ ತಿಂಗಳು.

ಆ ಮಾತು ಆಶಾಲತಾಳ ತಲೆಯೊಳಗೆ ಕೇಳಿಸಿದ್ದು ನಿಜ. ಬೇರೆ ಯಾರೋ ಹೇಳಿದ ಹಾಗೆ ಕೇಳಿಸಿತು. ಅವಳು ಅದಕ್ಕೆ ಉತ್ತರ ಕೊಡಲು ನಿಲ್ಲಲಿಲ್ಲ.

"ಫಸೀಲಾ, ನಿಲ್ಲು," ಎಂದಳು. ಈ ಸಲ ದನಿ ಎತ್ತರಿಸಲಿಲ್ಲ. ಬೆಚ್ಚಿಬಿದ್ದ ಕೈ ಒತ್ತಿಬಿಡುತ್ತದೆ. ಮಲಗಿದ ಮಗುವಿನ ಪಕ್ಕದಲ್ಲಿ ಮಾತಾಡುವಷ್ಟೇ ಮೆಲ್ಲಗೆ. "ಅಲ್ಲೇ ನಿಲ್ಲು. ಒತ್ತಬೇಡ. ಬೆರಳು ಹೊರಗೆ ಉಂಟಲ್ಲ?"

"ಉಂಟು ಆಂಟಿ."

"ಹಾಗೇ ಇರ್ಲಿ. ಈಗ ಪಿಸ್ತೂಲನ್ನು ನೇರ ಮೇಲಕ್ಕೆ ತೆಗಿ. ಅವಸರ ಇಲ್ಲ. ಒಳಗೆ ಹಾಕುವುದಕ್ಕೆ ಯಾವ ಆಟದಲ್ಲೂ ಸಮಯ ಅಳೆಯುವುದಿಲ್ಲ."

ಪಿಸ್ತೂಲು ಕೂದಲೆಳೆಯಷ್ಟು ಮೇಲೆ ಬಂತು. ದಾರ ಬಿಗಿಯಿತು. ಸೀಸದ ಗುಂಡೊಂದು ಒರೆಯ ಅಂಚಿಗೆ ಸಿಕ್ಕಿಕೊಂಡು ನಿಂತಿತು. ಚಪ್ಪರದಲ್ಲಿ ಯಾರೋ ಎದ್ದು ನಿಂತ ಸದ್ದಾಯಿತು.

"ಎಡಗೈಯಿಂದ ಕೋಟನ್ನು ಮುಂದಕ್ಕೆ ಎಳಿ. ಬಲಗೈ ಅಲ್ಲಾಡಿಸಬೇಡ. ಇನ್ನು ಸ್ವಲ್ಪ. ಹಾಂ."

ದಾರ ಟ್ರಿಗರಿನ ಪಕ್ಕದಿಂದ ಜಾರಿ ಹೊರಗೆ ಬಿತ್ತು. ಪಿಸ್ತೂಲು ಮೇಲೆ ಬಂದು ಗುರಿಯ ಕಡೆ ತಿರುಗಿತು. ಖಾಲಿ ಮಾಡಿಸಿ, ತೋರಿಸಿಕೊಂಡು, ಮುಂಡಪ್ಪನವರು ತಮ್ಮ ಚಾಕುವಿನಿಂದ ದಾರವನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡರು.

"ಗುಂಡು ಹಾರಲಿಲ್ಲ, ಗೆರೆ ದಾಟಲಿಲ್ಲ. ತಪ್ಪು ಆಗುವ ಮೊದಲೇ ನಿಂತಿದೆ. ಮತ್ತೆ ಶುರು ಮಾಡಬಹುದು," ಎಂದರು.

"ಅವಳಿಗೆ ಮೊದಲೇ ಹೇಳಿದಿ." ಅಪೇಕ್ಷಾ ಚಪ್ಪರದ ಕಂಬ ಹಿಡಿದು ನಿಂತಿದ್ದಳು. ಕಿರುಚಲಿಲ್ಲ. ಕಿರುಚಿದ್ದರೆ ಆಶಾಲತಾಳಿಗೆ ಸುಲಭವಿತ್ತು. "ನನಗೆ ಯಾಕೆ ಹೇಳ್ಲಿಲ್ಲ ಮೇಡಂ?"

ಬಾವುಟಗಳು ಪಟಪಟನೆ ಬಡಿದುಕೊಳ್ಳುತ್ತಿದ್ದವು.

"ದಾರ ನೋಡಿದ ಕೂಡಲೇ ತಪ್ಪು ಅಂತ ಕಂಡಿತು," ಎಂದಳು ಆಶಾಲತಾ. "ನಿನ್ನ ಕೈ ಕೆಳಗೆ ಹೋದಾಗ ತಪ್ಪು ಅಂತ ಕಾಣಲೇ ಇಲ್ಲ. ಸರಿ ಅಂತಲೇ ಕಂಡಿತು. ಅದನ್ನು ನಿನಗೆ ಕಲಿಸಿದವಳೇ ನಾನಲ್ಲವಾ. ಇನ್ನೊಂದು ಕೈಯಲ್ಲಿ ಎಂತ ಉಂಟು ಅಂತ ನೋಡುವಾಗ ದಾಟಿ ಆಗಿತ್ತು."

ಅಪೇಕ್ಷಾ ಕಂಬ ಬಿಟ್ಟಳು. ಕೂತಳು. ಮುಚ್ಚಿಟ್ಟ ಲೋಟ ತೆಗೆದು, ತಣ್ಣಗಾದ ಚಹಾ ಕುಡಿದಳು.

ಫಸೀಲಾ ಎರಡನೆಯ ಸಲ ನಿಂತಾಗ ಕೋಟಿನ ಅಂಚನ್ನು ಕೈಯಿಂದ ಹಿಂದೆ ಹಿಡಿದು, ಕತ್ತು ಬಗ್ಗಿಸಿ, ಒರೆಯ ಬಾಯಿಯನ್ನು ಕಣ್ಣಾರೆ ನೋಡಿ ಪಿಸ್ತೂಲನ್ನು ಇಳಿಸಿದಳು. ಆಶಾಲತಾ ಕಾದಳು. ಹುಡುಗಿಯ ಭುಜ ಉಸಿರಾಟಕ್ಕೆ ಏರಿ ಇಳಿಯುವುದು ಒಂದು ಹದಕ್ಕೆ ಬರುವ ತನಕ ಕಾದಳು. ಬೀಪ್ ಒತ್ತುವುದು ಯಾವಾಗ ಎನ್ನುವುದು ಅವಳ ಕೈಯಲ್ಲಿತ್ತು.

ಬೀಪ್. ಕೋಟು ಹಿಂದೆ ಹೋಯಿತು. ಭಾರ ಒಂದು ಕಡೆ ಕಡಿಮೆಯಾಗಿದ್ದರಿಂದ ಎಂದಿನಂತೆ ಬೀಸಿ ಹೋಗಲಿಲ್ಲ, ಆದರೂ ಕೈ ದಾರಿ ಕಂಡುಕೊಂಡಿತು. ಹತ್ತಿರದ ಗುರಿ, ಆಮೇಲಿನದು, ಆಮೇಲಿನದು. ಬಲ ಅಂಚು ಮುಗಿಸುವ ಹೊತ್ತಿಗೆ ಮ್ಯಾಗಜೀನಿನಲ್ಲಿ ಇನ್ನೂ ಗುಂಡುಗಳಿದ್ದವು. ಅದನ್ನು ತೆಗೆದು ಜೇಬಿಗೆ ತುರುಕಿ, ಹೊಸದನ್ನು ತುಂಬಿ, ಎಡಕ್ಕೆ ಸರಿದಳು. ನೆಲಕ್ಕೆ ಏನೂ ಬೀಳಲಿಲ್ಲ. ಅವಸರವೂ ಇರಲಿಲ್ಲ, ಅಂದವೂ ಇರಲಿಲ್ಲ. ಕೊನೆಯ ಗುರಿಗೆ ಎರಡು ಗುಂಡು ಹೋಗುವಾಗ ಆಶಾಲತಾಳ ಕಣ್ಣು ಗುರಿಯ ಮೇಲಲ್ಲ, ಬಾವುಟದ ಮೇಲಿತ್ತು.

"ಖಾಲಿ ಮಾಡಿ ತೋರಿಸು."

ತೋರಿಸಿದಳು. ಖಾಲಿಯಿತ್ತು.

ಮುಂಡಪ್ಪನವರು ಗುರಿಗಳ ತನಕ ನಡೆದುಹೋಗಿ, ತೂತುಗಳನ್ನು ನೋಡಿ ಬಂದರು. "ಒಂದು ಗುಂಡು ಬದಿಗೆ ಹೋಗಿದೆ. ಉಳಿದದ್ದು ಸರಿ ಇದೆ," ಎಂದರು. "ಭಾನುವಾರ ಪಾಸ್‌ಪೋರ್ಟ್ ತಗೊಂಡು ಆಫೀಸಿಗೆ ಬಾ ತಾಯಿ. ಬರುವಾಗ ಕೋಟು ಹೊಲಿದುಕೊಂಡು ಬಾ."

ಮಸೂದ್ ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಆಮೇಲೆ ಆಶಾಲತಾಳ ಹತ್ತಿರ ಬಂದು ನಿಂತರು.

"ಅಕ್ಕ, ಪಿಸ್ತೂಲು ದಾಟಿದ್ದು ನನ್ನ ಕಡೆಗಾ?"

"ಹೌದು ಮಸೂದಣ್ಣ."

ಅವರು ಬಿಳಿ ಟೊಪ್ಪಿ ಸರಿಮಾಡಿಕೊಂಡರು. "ನನಗೆ ಏನೂ ಆಗ್ಲಿಲ್ಲವಲ್ಲ. ನಿಮ್ಮ ಮಗಳಿಗೆ ಅದನ್ನು ಹೇಳ್ಬೇಡಿ. ಅವಳಿಗೆ ನಿದ್ದೆ ಬರ್ಲಿಕ್ಕಿಲ್ಲ."

ಬಿಸಿಲು ದಿಬ್ಬದ ಹಿಂದಕ್ಕೆ ಇಳಿಯಿತು. ಪಿಸ್ತೂಲುಗಳೆಲ್ಲ ಕೋಣೆ ಸೇರಿ, ಕಬ್ಬಿಣದ ಬಾಗಿಲು ಮುಚ್ಚಿತು. ಆಶಾಲತಾ ಗೋಡೆಯ ಹಿಂದೆ ಬಿದ್ದಿದ್ದ ಖಾಲಿ ತೋಟೆಗಳನ್ನು ಕಾಲಿನಿಂದ ಒಟ್ಟುಮಾಡುತ್ತಿದ್ದಳು. ಮರಳಿನಲ್ಲಿ ಅರ್ಧ ಹೂತಿದ್ದ ಮಗಳ ಮ್ಯಾಗಜೀನಿಗೆ ಅವಳ ಕಾಲು ತಾಗಿತು. ಬಗ್ಗಿದಳು, ಮುಟ್ಟಿದಳು, ಕೈ ಕಣ್ಣಿಗೆ ಹೋಯಿತು.

"ಮೇಡಂ ಔಟ್," ಎಂದಳು ಅಪೇಕ್ಷಾ. ಯಾವಾಗ ಹಿಂದೆ ಬಂದು ನಿಂತಿದ್ದಳೋ.

ಆಶಾಲತಾ ಎರಡೂ ಅಂಗೈಗಳನ್ನು ಮುಂದೆ ಚಾಚಿ ತೋರಿಸಿದಳು. ಖಾಲಿ.

ಅಪೇಕ್ಷಾ ನಗಲಿಲ್ಲ, ಆದರೆ ನೆಲದಿಂದ ಮ್ಯಾಗಜೀನು ಎತ್ತಿಕೊಂಡು ಅದರ ಮರಳನ್ನು ಊದಿದಳು. "ಪಾಠಕ್ಕೆ ಬರುವವರಲ್ಲಿ ನಮ್ಮ ಊರಿನವರೂ ಇರ್ತಾರೆ. ಕಾಲು ತಾಗಿದ್ರೆ ಎಲ್ಲರೂ ಬಗ್ಗುತ್ತಾರೆ. ಮೊದಲ ದಿನವೇ ಹೇಳ್ಬೇಕು ಅಂತ ಫಸೀಲಾಳಿಗೆ ತಿಳಿಸು."

"ನೀನೇ ತಿಳಿಸು."

ಗೇಟಿನ ಆಚೆ ಮಸೂದರ ಪಿಕಪ್ ಹೊರಡದೆ ನಿಂತೇ ಇತ್ತು. ಫಸೀಲಾ ಬಾಗಿಲು ತೆರೆದಿಟ್ಟು, ಹತ್ತದೆ ಇತ್ತ ನೋಡುತ್ತಿದ್ದಳು. ಅಪೇಕ್ಷಾ ಸ್ವಲ್ಪ ಹೊತ್ತು ಮ್ಯಾಗಜೀನನ್ನು ಅಂಗೈಯಲ್ಲಿ ತೂಗಿದಳು. ಆಮೇಲೆ ಅದನ್ನು ಅಮ್ಮನ ಕೈಗೆ ಕೊಟ್ಟು, ಕೋಟಿನ ಜೇಬಿಗೆ ಕೈಯಿಳಿಸಿಕೊಂಡು, ಗೇಟಿನ ಕಡೆ ನಡೆದಳು. ಓಡಲಿಲ್ಲ.